ಮೊಟ್ಟೆಯ ಚಿಪ್ಪು ನುಡಿದ ಸಾಕ್ಷ್ಯ

ವನ್ಯ ಹಕ್ಕಿಗಳ ರಕ್ಷಣೆಗೆ ತಕ್ಕಡಿ ನೆರವಾದ ಕಥೆ ನಿಮಗೆ ಗೊತ್ತೇ? 1950ರ ದಶಕದಲ್ಲಿ ಬ್ರಿಟನ್ನಿನ ಪೆರೆಗ್ರಿನ್ ಗಿಡುಗಗಳ ಗೂಡುಗಳಲ್ಲಿ ಒಡೆದ ಮೊಟ್ಟೆಗಳು ಹೆಚ್ಚಾಗಿ ಕಾಣತೊಡಗಿದವು. ಚಿಪ್ಪು ತೆಳುವಾಯಿತೇ? ಹಳೆಯ ಸಂಗ್ರಹಗಳಲ್ಲಿದ್ದ ಚಿಪ್ಪುಗಳನ್ನು ಒಡೆಯದೆ ದಪ್ಪ ತಿಳಿಯಬೇಕಿತ್ತು. ಡೆರೆಕ್ ರ್ಯಾಟ್‌ಕ್ಲಿಫ್ ಚಿಪ್ಪಿನ ತೂಕವನ್ನು ಅದರ ಉದ್ದ, ಅಗಲಗಳ ಗುಣಲಬ್ಧದಿಂದ ಭಾಗಿಸಿದರು. ಗುಣಲಬ್ಧ ಮೇಲ್ಮೈ ವಿಸ್ತೀರ್ಣವನ್ನು ಸೂಚಿಸುವುದರಿಂದ ಭಾಗಲಬ್ಧ ದಪ್ಪವನ್ನು ಸೂಚಿಸುತ್ತದೆ. 1947ರ ಸುಮಾರಿನಿಂದ ಅದು ಸುಮಾರು ಶೇಕಡ 19ರಷ್ಟು ಇಳಿದಿತ್ತು. ಡಿಡಿಟಿ ಬಳಕೆ ಹರಡಿದ್ದೂ ಆಗಲೇ. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಡಿಡಿಟಿಯಿಂದ ಉಂಟಾಗುವ ಡಿಡಿಇ, ಚಿಪ್ಪಿಗೆ ಕ್ಯಾಲ್ಸಿಯಮ್ ಸೇರುವುದನ್ನು ತಡೆಯುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಇಂಥ ಕೀಟನಾಶಕಗಳಿಗೆ ಕಡಿವಾಣ ಬಿದ್ದ ಮೇಲೆ ಗಿಡುಗಗಳು ಚೇತರಿಸಿಕೊಂಡವು. ಹಳೆಯ ಚಿಪ್ಪುಗಳ ಜೊತೆ ದಿನಾಂಕವೂ ದಾಖಲಾಗಿದ್ದುದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ನೀವು ಗೂಡನ್ನು ಮುಟ್ಟದಿರಿ. ಕಂಡದ್ದನ್ನು ಮಾತ್ರ ದಿನಾಂಕ ಹಾಕಿ ಬರೆದಿಡಿ.