ಮುದ್ದೆಯ ಅಳತೆ, ಕಾಳಿನ ಪಾಲು: ಕಡಿಮೆ ಖರ್ಚಿನ ಮಧುಮೇಹ ಅಡುಗೆಯ ಒಂದು ಪರಿಶೀಲನೆ

ಮಧುಮೇಹಿಯ ಊಟದಲ್ಲಿ ಧಾನ್ಯದ ಜಾತಿಗಿಂತ ಅದರ ಪ್ರಮಾಣವೇ ಹೆಚ್ಚು ಮುಖ್ಯ. ಕರ್ನಾಟಕದ ಸಾಮಾನ್ಯ ಮನೆಗಳಲ್ಲಿ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸುವುದು ಅನ್ನ, ಮುದ್ದೆ ಅಥವಾ ರೊಟ್ಟಿ. ಊಟವಾದ ಎರಡು ಗಂಟೆಯೊಳಗೆ ರಕ್ತದ ಸಕ್ಕರೆಯನ್ನು ಏರಿಸುವುದೂ ಇವೇ. ಕೈಯಲ್ಲಿ ಹಣ ಕಡಿಮೆಯಾದಂತೆ ತಟ್ಟೆಯಲ್ಲಿ ಧಾನ್ಯ ಹೆಚ್ಚುತ್ತದೆ, ಕಾಳು, ಸೊಪ್ಪು, ಮೊಸರು ಕುಗ್ಗುತ್ತವೆ. ಸಕ್ಕರೆ ಕಾಯಿಲೆಯ ಆಹಾರ ಪಥ್ಯವನ್ನು ಬಡವರ ಅಡುಗೆಮನೆಗೆ ಹೊಂದಿಸುವ ಯಾವ ಪ್ರಯತ್ನವೂ ಈ ಅಸಮತೋಲವನ್ನು ಮೊದಲು ಎದುರಿಸಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಪೂರ್ವಸ್ಥಿತಿಯಲ್ಲಿದ್ದಾರೆ. ಅದೇ ಅಧ್ಯಯನದ ಆಹಾರ ಕುರಿತ ವರದಿ 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದಿತು. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತಿದೆ ಎಂದು ಅದು ಕಂಡುಕೊಂಡಿತು. ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು, ಒಟ್ಟು ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡವರಲ್ಲಿ ಅಪಾಯ ತಗ್ಗಿದ್ದು ಕಾಣಲಿಲ್ಲ. ಶರ್ಕರಪಿಷ್ಟದ ಸ್ವಲ್ಪ ಭಾಗ ಕಾಳುಬೇಳೆಯ ಅಥವಾ ಹಾಲುಮೊಸರಿನ ಪ್ರೊಟೀನ್‌ಗೆ ಜಾಗ ಬಿಟ್ಟಾಗ ತಗ್ಗಿದ್ದು ಕಂಡಿತು. ರಾಗಿ ತಿಂದರೆ ಸಕ್ಕರೆ ಇಳಿಯುತ್ತದೆ ಎಂದು ನಂಬಿ ಹಿಂದಿನಷ್ಟೇ ದೊಡ್ಡ ಮುದ್ದೆ ಉಣ್ಣುವ ಸಾವಿರಾರು ಮನೆಗಳಿಗೆ ಈ ವಿಷಯ ಇನ್ನೂ ಮುಟ್ಟಬೇಕಾಗಿದೆ.

ರಾಗಿಯ ಗುಣ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ, 11 ಗ್ರಾಂ ನಾರಿನಂಶ ಮತ್ತು 364 ಮಿಲಿಗ್ರಾಂ ಕ್ಯಾಲ್ಸಿಯಂ ಇವೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಶರ್ಕರಪಿಷ್ಟ 78 ಗ್ರಾಂ, ನಾರು ಮೂರು ಗ್ರಾಂಗಿಂತ ಕಡಿಮೆ. ಜೋಳ ಈ ಲೆಕ್ಕದಲ್ಲಿ ರಾಗಿಯ ಸಮೀಪದಲ್ಲೇ ಇದೆ, ಪ್ರೊಟೀನ್‌ನಲ್ಲಿ ಅದಕ್ಕಿಂತ ಮುಂದಿದೆ. ಆದರೆ 67 ಮತ್ತು 78ರ ನಡುವಿನ ಅಂತರ ಸಣ್ಣದು. ಅಕ್ಕಿಯಿಂದ ರಾಗಿಗೆ ಬಂದವರು ಮುದ್ದೆಯನ್ನು ತುಸು ದೊಡ್ಡದು ಮಾಡಿಕೊಂಡರೆ ಆ ಅಂತರ ಅಲ್ಲಿಗೇ ಮುಗಿದುಹೋಗುತ್ತದೆ.

ಧಾನ್ಯ ಯಾವ ರೂಪದಲ್ಲಿ ಹೊಟ್ಟೆ ಸೇರುತ್ತದೆ ಎಂಬುದೂ ಗಮನಿಸಬೇಕಾದ ಸಂಗತಿ. ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಮುಂದಿಟ್ಟ ಗ್ಲೈಸೆಮಿಕ್ ಸೂಚ್ಯಂಕ, ಒಂದು ಆಹಾರ ಎಷ್ಟು ವೇಗವಾಗಿ ರಕ್ತದ ಗ್ಲುಕೋಸನ್ನು ಏರಿಸುತ್ತದೆ ಎಂಬುದರ ಅಳತೆ. ಕಣ ಸಣ್ಣದಾದಷ್ಟೂ, ಪಿಷ್ಟ ಹೆಚ್ಚು ನೀರಿನಲ್ಲಿ ಹೆಚ್ಚು ಹೊತ್ತು ಬೆಂದಷ್ಟೂ ಜೀರ್ಣರಸ ಅದನ್ನು ಬೇಗ ಒಡೆಯುತ್ತದೆ. ಆದ್ದರಿಂದ ನುಣ್ಣಗೆ ಬೀಸಿ ಜರಡಿ ಹಿಡಿದ ರಾಗಿಹಿಟ್ಟಿನ ತೆಳು ಗಂಜಿ, ಮಾಲ್ಟ್ ಹಿಟ್ಟಿನ ಅಂಬಲಿ ಸಕ್ಕರೆಯನ್ನು ಬೇಗ ಏರಿಸಬಲ್ಲವು; ಅದಕ್ಕೆ ಬೆಲ್ಲ ಬಿದ್ದರೆ ಕೇಳುವುದೇ ಬೇಡ. ಬೆಳಗ್ಗೆ ಬರಿಯ ರಾಗಿ ಗಂಜಿ ಕುಡಿದು ಪಥ್ಯವಾಯಿತೆಂದು ತೃಪ್ತಿಪಡುವುದು ಬಹಳ ಜನರ ರೂಢಿ, ಬದಲಾಗಬೇಕಾದ ರೂಢಿ. ಗಿರಣಿಯಲ್ಲಿ ಸ್ವಲ್ಪ ತರಿಯಾಗಿ ಬೀಸಿಸಿ, ಜರಡಿ ಹಿಡಿಯದೆ ತಟ್ಟಿದ ರೊಟ್ಟಿ ಅಥವಾ ಗಟ್ಟಿ ಮುದ್ದೆ ಇದಕ್ಕಿಂತ ಮೇಲು. ಜರಡಿ ಬಿಡುವುದಕ್ಕೆ ಕಾಸು ಖರ್ಚಿಲ್ಲ.

ಬೆಲೆಯ ಲೆಕ್ಕ ಇಲ್ಲಿ ಸರಳವಾಗಿಲ್ಲ. ರಾಗಿ ಬಡವರ ಧಾನ್ಯ ಎಂಬ ಮಾತು ಈಗ ಅರ್ಧ ಸತ್ಯ. 2025–26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ರೈತನಿಗೆ ಇದು ನ್ಯಾಯವೇ, ಆದರೆ ಕೊಂಡು ತಿನ್ನುವ ಕೂಲಿಕಾರ್ಮಿಕನಿಗೆ ಪಡಿತರದ ಅಕ್ಕಿ ಉಚಿತವಾಗಿ ಸಿಗುವಾಗ ಅಂಗಡಿಯ ರಾಗಿ ಹೊರೆಯಾಗುತ್ತದೆ. ನವಣೆ, ಸಾಮೆ, ಹಾರಕಗಳ ಪೊಟ್ಟಣಗಳಂತೂ ನಗರದ ಅಂಗಡಿಗಳಲ್ಲಿ ಇನ್ನೂ ದುಬಾರಿ. ಹಾಗಾಗಿ ಪಡಿತರದ ಅಕ್ಕಿಯನ್ನು ಬಿಡಿ ಎಂದು ಹೇಳುವ ಪಥ್ಯ ಆಚರಣೆಗೆ ಬರುವುದಿಲ್ಲ. ಅಕ್ಕಿಯನ್ನು ಅಳತೆ ಕಟ್ಟಿ ಬಳಸಿ, ಧಾನ್ಯಕ್ಕೆ ಖರ್ಚಾಗದೆ ಉಳಿದ ಹಣವನ್ನು ಕಾಳಿಗೂ ಸೊಪ್ಪಿಗೂ ಹಾಕುವುದು ನಡೆಯುವ ದಾರಿ. ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಬಂದ ತಿಂಗಳುಗಳಲ್ಲಿ ಅದನ್ನು ಮಾರದೆ ಮನೆಗೆ ಒಯ್ಯುವುದು ಇನ್ನೂ ಒಳ್ಳೆಯದು. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಮಧುಮೇಹದ ದೃಷ್ಟಿಯಿಂದ ಅದರಲ್ಲಿ ಬೇಳೆ ಸರಿಯಾದ ಹೆಜ್ಜೆ, ಸಕ್ಕರೆ ತಪ್ಪು ಹೆಜ್ಜೆ.

ಕಾಳುಗಳಲ್ಲಿ ಹುರುಳಿಗೆ ಮೊದಲ ಸ್ಥಾನ ಸಲ್ಲಬೇಕು. ಸಾಮಾನ್ಯವಾಗಿ ತೊಗರಿಬೇಳೆಗಿಂತ ಕಡಿಮೆ ಬೆಲೆಗೆ ಸಿಗುವ ಈ ಕಾಳಿನ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೊಟೀನ್, ಎಂಟು ಗ್ರಾಂ ನಾರು ಇವೆ. ಇದರ ಪಿಷ್ಟ ನಿಧಾನವಾಗಿ ಕರಗುತ್ತದೆ. ಹಳೆಯ ಮೈಸೂರು ಭಾಗದ ಬಸ್ಸಾರು ಇದನ್ನು ಬಳಸುವ ಬಗೆ ಮಧುಮೇಹದ ಅಡುಗೆಗೆ ಹೇಳಿ ಮಾಡಿಸಿದಂತಿದೆ. ನಾಲ್ಕು ಜನರಿಗೆ 200 ಗ್ರಾಂ ಹುರುಳಿಯನ್ನು ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಅರ್ಧ ಕಿಲೋದಷ್ಟು ದಂಟಿನ ಸೊಪ್ಪನ್ನೋ ಹೊಲದ ಬದುವಿನ ಬೆರಕೆ ಸೊಪ್ಪನ್ನೋ ಅದರ ಜೊತೆಗೆ ಬೇಯಿಸಿ, ನೀರು ಬಸಿದು, ಆ ಕಟ್ಟನ್ನು ಬೇರೆ ಇಡಬೇಕು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ ಹುರಿದು, ಹುಣಸೆಹಣ್ಣು ಮತ್ತು ಬೆಂದ ಕಾಳು ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು ಸಿದ್ಧ. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸಿದ ನೀರು ಚರಂಡಿ ಸೇರದೆ ತಟ್ಟೆಗೇ ಬರುವುದರಿಂದ ಅದರಲ್ಲಿ ಕರಗಿದ ಖನಿಜಗಳೂ ಉಳಿಯುತ್ತವೆ. ರುಬ್ಬಿದ ಕಾಳೇ ಸಾರನ್ನು ಗಟ್ಟಿ ಮಾಡುವುದರಿಂದ ತೆಂಗಿನಕಾಯಿಯ ಖರ್ಚನ್ನೂ ತಗ್ಗಿಸಬಹುದು.

ಈ ಊಟದ ಲೆಕ್ಕ ಹೀಗಿದೆ. ಒಬ್ಬರಿಗೆ 60 ಗ್ರಾಂ ಹಿಟ್ಟಿನ, ಅಂದರೆ ಮುಷ್ಟಿಗಾತ್ರದ ಮುದ್ದೆ ಮತ್ತು 50 ಗ್ರಾಂ ಹುರುಳಿ ಬಿದ್ದರೆ ಶರ್ಕರಪಿಷ್ಟ ಸುಮಾರು 69 ಗ್ರಾಂ, ಪ್ರೊಟೀನ್ 15 ಗ್ರಾಂ, ನಾರು ಸೊಪ್ಪನ್ನು ಬಿಟ್ಟೇ 10 ಗ್ರಾಂ ದಾಟುತ್ತದೆ. ಇದರ ಬದಲು 150 ಗ್ರಾಂ ಅಕ್ಕಿಯ ಅನ್ನವನ್ನು ತಿಳಿಸಾರಿನಲ್ಲಿ ಕಲಸಿ ಉಂಡರೆ ಶರ್ಕರಪಿಷ್ಟ 117 ಗ್ರಾಂ, ಪ್ರೊಟೀನ್ 12 ಗ್ರಾಂ, ನಾರು ನಾಲ್ಕು ಗ್ರಾಂ ಆಸುಪಾಸು. ಎರಡನೆಯದು ಕೂಲಿ ಮಾಡುವ ಮೈಗೆ ಒಂದಷ್ಟು ಹೊತ್ತು ಶಕ್ತಿ ಕೊಟ್ಟೀತು, ಕುಳಿತು ದುಡಿಯುವ ಮಧುಮೇಹಿಗೆ ಮಾತ್ರ ಅದು ತೀರಾ ಹೆಚ್ಚು. ಹೊಲದಲ್ಲಿ ದಿನವಿಡೀ ಗೇಯುವವರ ಮುದ್ದೆ ಇನ್ನೂ ದೊಡ್ಡದಿರಬಹುದು. ಒಂದೇ ಅಳತೆ ಎಲ್ಲರಿಗೂ ಹೊಂದುವುದಿಲ್ಲ.

ಉಣ್ಣುವ ಕ್ರಮವೂ ಖರ್ಚಿಲ್ಲದ ಉಪಾಯ. ಅಮೆರಿಕದ ವೀಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ತಂಡ 2015ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ತರಕಾರಿ ಮತ್ತು ಪ್ರೊಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ ಊಟದ ನಂತರದ ಗ್ಲುಕೋಸ್ ಏರಿಕೆ ಸ್ಪಷ್ಟವಾಗಿ ಕಡಿಮೆಯಾಯಿತು. ನಮ್ಮ ಎಲೆಯ ಮೇಲೆ ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮುಂಚೆ ಬೀಳುತ್ತವೆ. ಅನ್ನ ಬರುವವರೆಗೆ ಕಾಯದೆ ಅವನ್ನು ಮೊದಲೇ ತಿಂದು ಮುಗಿಸಿದರೆ ಸಾಕು.

ನಿಜವಾದ ತೊಡಕು ಬೆಳಗಿನ ತಿಂಡಿಯದು. ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ, ಇಡ್ಲಿ ಎಲ್ಲವೂ ಬಹುತೇಕ ಪಿಷ್ಟವೇ, ಎಲ್ಲವೂ ಅಗ್ಗ, ಎಲ್ಲವೂ ಬೇಗ ಆಗುವಂಥವು. ಇವನ್ನು ಪೂರ್ತಿ ಬಿಡಬೇಕಾಗಿಲ್ಲ. ಉಪ್ಪಿಟ್ಟಿಗೆ ರವೆಯಷ್ಟೇ ಬೀನ್ಸ್, ಕ್ಯಾರೆಟ್, ಅವರೆಕಾಳು ಹಾಕಬಹುದು. ಒಂದು ಪಾಲು ಉದ್ದಿಗೆ ಮೂರು ನಾಲ್ಕು ಪಾಲು ಅಕ್ಕಿ ಹಾಕುವ ಇಡ್ಲಿಯಲ್ಲಿ ಅಕ್ಕಿಯನ್ನು ಎರಡು ಪಾಲಿಗೆ ಇಳಿಸಿ, ಅದರಲ್ಲೂ ಅರ್ಧ ರಾಗಿಹಿಟ್ಟು ಬೆರೆಸಿದರೂ ಹಿಟ್ಟು ಹುಳಿಯುತ್ತದೆ. ನೆನೆಸಿದ ಹೆಸರುಕಾಳನ್ನು ಹಸಿಮೆಣಸಿನಕಾಯಿ, ಶುಂಠಿಯೊಂದಿಗೆ ರುಬ್ಬಿದರೆ ಅಕ್ಕಿ ಇಲ್ಲದ ದೋಸೆಯಾಗುತ್ತದೆ. ಮೊಳಕೆ ಹುರುಳಿ, ಕಡಲೆಕಾಳು ಅಥವಾ ಅಲಸಂದೆಯ ಉಸಲಿಯಂತೂ ತಾನೇ ಒಂದು ತಿಂಡಿ. ಮೊಟ್ಟೆ ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆಯಿಂದ ಆರು ಗ್ರಾಂ ಪ್ರೊಟೀನ್ ಸಿಗುತ್ತದೆ, ಸಕ್ಕರೆ ಏರಿಸುವಂಥದ್ದು ಅದರಲ್ಲಿ ಏನೂ ಇಲ್ಲವೆನ್ನಬಹುದು.

ಉತ್ತರ ಕರ್ನಾಟಕದ ಊಟಕ್ಕೆ ತಿದ್ದುಪಡಿ ಕಡಿಮೆ. ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಹಸಿ ಮೂಲಂಗಿ, ಈರುಳ್ಳಿ, ಮೊಸರು ಇರುವ ತಟ್ಟೆ ತನ್ನಷ್ಟಕ್ಕೇ ಸಮತೋಲದಲ್ಲಿದೆ; ರೊಟ್ಟಿಯ ನಂತರ ಮತ್ತೆ ಬಡಿಸುವ ಅನ್ನವನ್ನು ಕಡಿಮೆ ಮಾಡಿದರಾಯಿತು. ಕರಾವಳಿಯಲ್ಲಿ ಕುಚ್ಚಲಕ್ಕಿ ಬೆಳ್ತಿಗೆಗಿಂತ ನಿಧಾನವಾಗಿ ಜೀರ್ಣವಾಗುತ್ತದೆ, ಬಂಗುಡೆ, ಬೂತಾಯಿ ಮೀನುಗಳು ಅಗ್ಗದ ಪ್ರೊಟೀನ್. ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮೀನು ದುಬಾರಿಯಾದಾಗ ಉಪ್ಪು ಹೆಚ್ಚಿರುವ ಒಣಮೀನಿನ ಬದಲು ಹೆಸರುಕಾಳಿನ ಗಸಿಗೆ ಹೊರಳುವುದು ಲೇಸು, ರಕ್ತದೊತ್ತಡ ಇರುವವರಿಗಂತೂ ಅದು ಕಡ್ಡಾಯ.

ಎಣ್ಣೆಯ ಖರ್ಚು ಅಡುಗೆಮನೆಯಲ್ಲಿ ಗೊತ್ತಾಗದೆ ಬೆಳೆಯುವಂಥದ್ದು. ಒಬ್ಬರಿಗೆ ದಿನಕ್ಕೆ 20 ಗ್ರಾಂ ಎಂದಿಟ್ಟುಕೊಂಡರೆ ನಾಲ್ವರ ಮನೆಗೆ ತಿಂಗಳಿಗೆ ಸುಮಾರು ಎರಡೂವರೆ ಲೀಟರ್ ಸಾಕು. ಅದನ್ನು ತಿಂಗಳ ಮೊದಲ ದಿನವೇ ಬೇರೆ ಡಬ್ಬಿಗೆ ಸುರಿದಿಟ್ಟರೆ ಬಳಕೆ ಕಣ್ಣಿಗೆ ಕಾಣುತ್ತದೆ. ‘ಡಯಾಬಿಟಿಕ್’ ಎಂಬ ಚೀಟಿ ಹೊತ್ತ ಬಿಸ್ಕತ್ತು, ಹಿಟ್ಟುಗಳಿಗೆ ಕೊಡುವ ಹೆಚ್ಚಿನ ಬೆಲೆಗೆ ತಕ್ಕ ಪ್ರಯೋಜನವಿಲ್ಲ. ಸಕ್ಕರೆ ಹಾಕದ ಬಿಸ್ಕತ್ತಿನಲ್ಲೂ ಮೈದಾ, ಎಣ್ಣೆ ಇದ್ದೇ ಇರುತ್ತವೆ. ಬೆಲ್ಲ, ಜೇನುತುಪ್ಪ ಸಕ್ಕರೆಗೆ ಬದಲಿ ಅಲ್ಲವೇ ಅಲ್ಲ. ಮೆಂತ್ಯದ ವಿಷಯದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್.ಡಿ. ಶರ್ಮಾ ಮತ್ತು ಸಂಗಡಿಗರು 1990ರ ಸುಮಾರಿಗೆ ನಡೆಸಿದ ಪ್ರಯೋಗಗಳು ಸಕ್ಕರೆ ತಗ್ಗುವುದನ್ನು ತೋರಿಸಿದವು. ಆದರೆ ಅಲ್ಲಿ ಕೊಟ್ಟ ಪ್ರಮಾಣ ಒಗ್ಗರಣೆಯ ಚಿಟಿಕೆಗಿಂತ ಎಷ್ಟೋ ಪಟ್ಟು ಹೆಚ್ಚು. ನೆನೆಸಿದ ಮೆಂತ್ಯ ಊಟಕ್ಕೆ ಪೂರಕವಾಗಬಹುದು, ಮಾತ್ರೆಯ ಜಾಗವನ್ನು ಅದು ತುಂಬಲಾರದು.

ಒಂದು ಮನೆಯಲ್ಲಿ ಎರಡು ಅಡುಗೆ ಹೆಚ್ಚು ಕಾಲ ನಡೆಯುವುದಿಲ್ಲ. ಮಧುಮೇಹ ಗಂಡಸಿಗೆ ಬಂದರೆ ಮನೆಯವರು ಅವನಿಗೆ ಬೇರೆ ಅಡುಗೆ ಮಾಡುತ್ತಾರೆ. ಹೆಂಗಸಿಗೆ ಬಂದರೆ ಅವಳು ಎಲ್ಲರೂ ಉಂಡ ಮೇಲೆ ಉಳಿದ ಅನ್ನಕ್ಕೆ ತಳದ ಸಾರು ಕಲಸಿ ಉಣ್ಣುತ್ತಾಳೆ. ಪಲ್ಯವೂ ಕಾಳೂ ಆ ಹೊತ್ತಿಗೆ ಖಾಲಿಯಾಗಿರುತ್ತವೆ. ಅವಳ ಪಾಲಿನ ಪಲ್ಯವನ್ನು ಬಡಿಸುವ ಮೊದಲೇ ತೆಗೆದಿಡುವುದು ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು. ಬಸ್ಸಾರಿನಂಥ ಅಡುಗೆ ಇಡೀ ಮನೆಗೆ ಒಂದೇ ಆಗಿರಬಹುದು. ಮಕ್ಕಳಿಗೂ ಆರೋಗ್ಯವಂತರಿಗೂ ಮುದ್ದೆಯ ಗಾತ್ರವಷ್ಟೇ ಬೇರೆ.

ಅಳತೆ ಸರಿಯಾಯಿತೇ ಎಂಬುದನ್ನು ಊಟ ಶುರುಮಾಡಿದ ಎರಡು ಗಂಟೆಯ ನಂತರದ ರಕ್ತಪರೀಕ್ಷೆ ಹೇಳುತ್ತದೆ. ಹೆಚ್ಚಿನ ವಯಸ್ಕ ಮಧುಮೇಹಿಗಳಲ್ಲಿ ಅದು 180 ಮಿಲಿಗ್ರಾಂಗಿಂತ ಕೆಳಗಿರುವುದು ಗುರಿ. ಸ್ಟ್ರಿಪ್ ದುಬಾರಿಯಾದ್ದರಿಂದ ದಿನವೂ ನೋಡದೆ, ಹೊಸ ಅಡುಗೆ ಅಥವಾ ಹೊಸ ಅಳತೆ ಶುರುಮಾಡಿದಾಗ ಮಾತ್ರ ನೋಡಿಕೊಂಡರೂ ನಡೆಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರು ಹೇಳಿದಷ್ಟು ಸಲ ನೋಡಲೇಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಸೊಪ್ಪುಗಳ ಪ್ರೊಟೀನ್ ಮತ್ತು ಪೊಟ್ಯಾಸಿಯಂ ಹೆಚ್ಚಾಗಬಹುದು; ಅವರ ಪಟ್ಟಿ ಬೇರೆಯೇ ಇರಬೇಕು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಬಳಸುವವರು ಅನ್ನವನ್ನು ಒಮ್ಮೆಲೇ ಅರ್ಧಕ್ಕಿಳಿಸಿದರೆ, ಉಪವಾಸ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡಾಗ ಎಚ್ಚರವಿರುವ ರೋಗಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ತಟ್ಟೆಯ ಅನ್ನವನ್ನು ಕಡಿಮೆ ಮಾಡಲು ಹೊರಟವರು ಅದೇ ವಾರ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣವನ್ನೂ ಸರಿಪಡಿಸಿಕೊಳ್ಳಬೇಕು.