ಪೋಡಿನ ಹುಡುಗಿ ನರ್ಸಾದಾಗ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಆರೋಗ್ಯದ ಇತಿಹಾಸವನ್ನು ಡಾ. ಎಚ್. ಸುದರ್ಶನ್ ಅವರ ತ್ಯಾಗದ ಕಥೆಯಾಗಿಯೇ ಹೇಳುವುದು ರೂಢಿ. 1981ರಲ್ಲಿ ಅವರು ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಆ ಗೌರವ ಸಲ್ಲಲೇಬೇಕು. ಆದರೆ ನಿಜವಾದ ತಿರುವು, ಸೋಲಿಗ ಹುಡುಗಿಯರೇ ಅಲ್ಲಿ ನರ್ಸ್ ತರಬೇತಿ ಪಡೆದದ್ದು. ಕುಕ್ಕರುಗಾಲಲ್ಲಿ ಕೂತು ಹೆರುವುದು ಸೋಲಿಗರ ಪದ್ಧತಿ. ನೋವು ತಿನ್ನುವವಳನ್ನು ಗದರಿಸಿ ಮಂಚಕ್ಕೇರಿಸಬಾರದೆಂದು ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಬೆಳೆದವಳಿಗೆ ಯಾರೂ ಕಲಿಸಬೇಕಿಲ್ಲ. ನುರಿತ ವೈದ್ಯರಿದ್ದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಸೋಲಿಗರನ್ನು ಕಾಡುವ ಸಿಕಲ್ ಸೆಲ್ ರಕ್ತಹೀನತೆ ಜೀವನವಿಡೀ ಜೊತೆಗಿರುವ ಕಾಯಿಲೆ. ಅದಕ್ಕೆ ಬಂದುಹೋಗುವವರಲ್ಲ, ಜೊತೆಗೇ ಬದುಕುವವರು ಬೇಕು.

ದಕ್ಷಿಣ ಕನ್ನಡದ ಕೊರಗ ಬುಡಕಟ್ಟಿಗೂ ಈ ಮಾತು ಸಲ್ಲುತ್ತದೆ. ಪರರ ಕಾಯಿಲೆ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಅಂಥ ಅವಮಾನ ಉಂಡ ಸಮುದಾಯ ಆಸ್ಪತ್ರೆಯ ಬಾಗಿಲಲ್ಲಿ ಹಿಂಜರಿದರೆ ಅದು ಅಜ್ಞಾನವಲ್ಲ. ಒಳಗೆ ತನ್ನವರೊಬ್ಬರು ಕಾಣಬೇಕೆಂಬ ನ್ಯಾಯವಾದ ನಿರೀಕ್ಷೆ.