ಡಿಸ್ಕಿಗೊಂದು ಕಿರ್ದಿ

ಊರಿಂದ ಯಾರಾದ್ರೂ ಬರ್ಲಿನ್ನಿಗೆ ಬಂದ್ರೆ ನಾನು ಅವರನ್ನು ಇಲ್ಲಿನ ತಂತ್ರಜ್ಞಾನ ಮ್ಯೂಸಿಯಂಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಕೊನ್ರಾಡ್ ಝೂಸೆ ಅವರ ಜೆಡ್1 ಇದೆ. ಇದೇ ಊರಲ್ಲಿ, ಅಪ್ಪ ಅಮ್ಮನ ಮನೆಯ ಹಜಾರದಲ್ಲಿ, 1936ರಿಂದ 1938ರವರೆಗೆ ಕಟ್ಟಿದ ಲೆಕ್ಕದ ಯಂತ್ರ. ಆದ್ರೆ ನಾವು ಈಗ ನೋಡೋದು ಆ ಮೂಲ ಯಂತ್ರವನ್ನಲ್ಲ. ಅದು ಯುದ್ಧಕಾಲದ ಬಾಂಬ್ ದಾಳಿಯಲ್ಲಿ ನಾಶವಾಯಿತು, ನಕ್ಷೆಗಳೂ ಜೊತೆಗೇ ಹೋದವು. ಎಪ್ಪತ್ತೈದು ದಾಟಿದ ಮೇಲೆ ಝೂಸೆ ಬಹುಪಾಲು ನೆನಪಿನಿಂದಲೇ ನಕ್ಷೆ ಬರೆದು, 1989ರ ಹೊತ್ತಿಗೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. (ಹೊಸದೂ ಹಳೆಯದರ ಹಾಗೇ ಆಗಾಗ ಕೈಕೊಡ್ತಿತ್ತಂತೆ.)

ನಕ್ಷೆಗಳ ಇನ್ನೊಂದು ಪ್ರತಿ ಬೇರೆ ಊರಲ್ಲಿದ್ದಿದ್ರೆ ಇಷ್ಟು ಪಾಡು ಇರ್ತಿರಲಿಲ್ಲ. ಬ್ಯಾಕಪ್ ಅಂದ್ರೆ ಅಷ್ಟೇ. ಒಂದು ಸಲ ಪ್ರತಿ ಮಾಡೋದು ಸುಲಭ, ದಿನಾ ಮಾಡೋದು ಕಷ್ಟ. ಒಂದು ಆಫೀಸಿನ ದೊಡ್ಡ ಡಿಸ್ಕಿನಲ್ಲಿ ದಿನಕ್ಕೆ ಬದಲಾಗೋದು ಸ್ವಲ್ಪವೇ ಭಾಗ. ಅದಕ್ಕೋಸ್ಕರ ರಾತ್ರಿಯೆಲ್ಲ ಇಡೀ ಡಿಸ್ಕ್ ನಕಲು ಮಾಡ್ತಾ ಕೂರೋಕಾಗುತ್ತಾ? ಹಾಗಾದ್ರೆ ಬದಲಾದದ್ದು ಯಾವುದು ಅಂತ ತಿಳಿಯೋದು ಹೇಗೆ?

ಎಂಎಸ್-ಡಾಸ್ ಕಾಲದ ಉತ್ತರ: ಪ್ರತಿ ಕಡತಕ್ಕೂ, ಅಂದ್ರೆ ಫೈಲಿಗೂ, ಒಂದು ಗುರುತು. ಕಡತ ಬದಲಾದರೆ ಗುರುತು ಬೀಳುತ್ತೆ, ಬ್ಯಾಕಪ್ ಆದ ಮೇಲೆ ಅಳಿಸುತ್ತೆ. ಆದರೆ ದೊಡ್ಡ ಕಡತದಲ್ಲಿ ಒಂದೇ ಸಾಲು ತಿದ್ದಿದರೂ ಇಡೀ ಕಡತವನ್ನೇ ಹೊರಬೇಕು. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಆರ್‌ಸಿಂಕ್ ತಂದರು. ಇದು ಕಡತವನ್ನು ತುಂಡು ಮಾಡಿ, ಎರಡೂ ಕಡೆಯ ಪ್ರತಿಗಳನ್ನು ತಾಳೆ ನೋಡಿ, ಬೇರೆಯಾದ ತುಂಡನ್ನಷ್ಟೇ ಕಳಿಸುತ್ತೆ. ನೆಟ್‌ವರ್ಕಿನ ಹೊರೆ ಇಳಿಯಿತು. ಆದರೆ ತಾಳೆ ನೋಡೋಕೆ ಕಡತವನ್ನು ಪೂರ್ತಿ ಓದಲೇಬೇಕಲ್ಲ!

ನಮ್ಮ ಅಜ್ಜನ ಅಂಗಡೀಲಿ ಕಿರ್ದಿ ಅಂತ ಒಂದು ಪುಸ್ತಕ ಇತ್ತು. ವ್ಯಾಪಾರ ಆಗ್ತಾ ಆಗ್ತಾನೇ ಅದರಲ್ಲಿ ಬರೆಯೋದು. ಸಂಜೆ ಖಾತೆ ಪುಸ್ತಕಕ್ಕೆ ಏರಿಸುವಾಗ ಇಡೀ ಅಂಗಡಿ ಎಣಿಸಬೇಕಿಲ್ಲ, ಆ ದಿನದ ಕಿರ್ದಿ ನೋಡಿದರೆ ಸಾಕು. ಡಿಸ್ಕಿಗೂ ಇದೇ ಉಪಾಯ ಹೂಡಿದರು. ಡಿಸ್ಕನ್ನು ಸಮನಾದ ಬ್ಲಾಕುಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಬಿಟ್ ಇಡೋದು. ಆ ಬ್ಲಾಕಿನಲ್ಲಿ ಏನಾದ್ರೂ ಬರೆದ ಕೂಡಲೇ 0 ಹೋಗಿ 1 ಆಗುತ್ತೆ. 64 ಕಿಲೋಬೈಟಿಗೊಂದು ಬಿಟ್ ಇಟ್ಟರೂ 1 ಟೆರಾಬೈಟ್ ಡಿಸ್ಕಿನ ಕಿರ್ದಿ ಬರೀ 2 ಮೆಗಾಬೈಟ್. ವಿಎಂವೇರ್ 2009ರಲ್ಲಿ ವಿಸ್ಫಿಯರ್ 4ರ ಜೊತೆ ಇಂಥದ್ದನ್ನು ತಂದ ಮೇಲೆ ರಾತ್ರಿಯ ಬ್ಯಾಕಪ್ಪಿಗೆ ಬೇಕಾದ ಸಮಯ ಎಷ್ಟೋ ಇಳಿಯಿತು.

ಆದರೆ ಕಿರ್ದಿಯಲ್ಲೇ ಬಿಟ್ಟುಹೋದರೆ?

2014ರಲ್ಲಿ ಹಾಗೇ ಆಗಿದ್ದು ಬೆಳಕಿಗೆ ಬಂತು. ಡಿಸ್ಕನ್ನು 128 ಗಿಗಾಬೈಟ್ ಗಡಿ ದಾಟುವಂತೆ ಹಿಗ್ಗಿಸಿದರೆ ವಿಎಂವೇರ್ ಕೊಡುತ್ತಿದ್ದ ಬದಲಾವಣೆಯ ಪಟ್ಟಿ ತಪ್ಪಾಗಿಬಿಡ್ತಿತ್ತು. ಬ್ಯಾಕಪ್ ತಂತ್ರಾಂಶ ಆ ಪಟ್ಟಿಯನ್ನು ನಂಬಿ ಕೆಲಸ ಮುಗಿಸಿ ‘ಯಶಸ್ವಿ’ ಅಂತ ತೋರಿಸ್ತಿತ್ತು. ಒಂದು ದಿನ ಡಿಸ್ಕ್ ಕೆಟ್ಟು, ಆ ಪ್ರತಿಯನ್ನು ಮರಳಿ ಇಳಿಸಿದಾಗಲೇ ತೂತು ಕಾಣೋದು. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸೋದು ಇದೇ. ಬ್ಯಾಕಪ್ ಇಲ್ಲದವನಿಗೆ ತನ್ನ ಹತ್ತಿರ ಇಲ್ಲ ಅಂತಾದ್ರೂ ಗೊತ್ತಿರುತ್ತೆ. ತಕ್ಷಣದ ಪರಿಹಾರ ಅಂತ ಹೇಳಿದ್ದು ಕಿರ್ದಿ ನಿಲ್ಲಿಸಿ ಹೊಸದಾಗಿ ಶುರು ಮಾಡಿ ಅಂತ, ಅಂದ್ರೆ ಮತ್ತೊಂದು ಪೂರ್ತಿ ಪ್ರತಿ.

ಅಜ್ಜ ಕಿರ್ದಿಯನ್ನು ಎಷ್ಟು ನಂಬಿದರೂ ವರ್ಷಕ್ಕೊಮ್ಮೆ ಬಾಗಿಲು ಹಾಕಿ ಮೂಟೆ ಮೂಟೆ ಎಣಿಸ್ತಿದ್ರು. ಮಕ್ಕಳಾದ ನಮಗೆ ಅದು ದಂಡದ ಕೆಲಸ ಅನ್ನಿಸ್ತಿತ್ತು.

ಆಮೇಲೆ ಬಂದ ಕೆಲವು ವ್ಯವಸ್ಥೆಗಳಿಗೆ ಈ ಅನುಮಾನ ಹುಟ್ಟಿನಿಂದಲೇ ಇದೆ. ಕ್ಯೂಎಮು ಎಂಬ ಮುಕ್ತ ತಂತ್ರಾಂಶ ತನ್ನ ಕಿರ್ದಿಯನ್ನು ಡಿಸ್ಕಿನ ಕಡತದಲ್ಲೇ ಉಳಿಸಿಕೊಳ್ಳಬಲ್ಲದು. ತೆರೆದಾಗ ‘ಬರೆಯುತ್ತಿದ್ದೇನೆ’ ಅಂತ ಗುರುತು ಹಾಕುತ್ತೆ, ಸರಿಯಾಗಿ ಮುಚ್ಚಿದಾಗ ತೆಗೆಯುತ್ತೆ. ನಡುವೆ ಕರೆಂಟ್ ಹೋಗಿ ಯಂತ್ರ ನಿಂತರೆ ಗುರುತು ಹಾಗೇ ಉಳಿಯುತ್ತೆ. ಮರುದಿನ ಆ ಕಿರ್ದಿಯನ್ನು ಅಳಿಸಬಹುದೇ ಹೊರತು ಬ್ಯಾಕಪ್ಪಿಗೆ ಬಳಸೋಕೆ ಕ್ಯೂಎಮು ಬಿಡೋದಿಲ್ಲ. ಆ ರಾತ್ರಿ ಇಡೀ ಡಿಸ್ಕನ್ನು ಮೊದಲಿಂದ ನಕಲು ಮಾಡಬೇಕು.